ಒಂದು ದಿನದ ಬೆಟ್ಟಕ್ಕೆ ಒಂದು ತಿಂಗಳ ಸಿದ್ಧತೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಾನು ಕಲಿಸಿದ ಭೂಗೋಳವೆಲ್ಲ ಮರೆತುಹೋಗಿದ್ದರೂ ಆಲೂಗಡ್ಡೆಯ ಪಾಠ ಮಾತ್ರ ನೆನಪಿರುವಂತೆ ಕಾಣುತ್ತದೆ. ಎಲ್ಲಿ ಸಿಕ್ಕರೂ ಅದನ್ನೇ ಹೇಳಿ ನಗುತ್ತಾರೆ. ಅರ್ಧ ಹೋಳು ಮಾಡಿದ ಆಲೂಗಡ್ಡೆಯನ್ನು ಮೇಜಿನ ಮೇಲೆ ಬೆಟ್ಟದಂತೆ ಕವುಚಿಟ್ಟು, ಅಡ್ಡಡ್ಡಲಾಗಿ ಸಮದಪ್ಪನಾದ ಬಿಲ್ಲೆಗಳಾಗಿ ಕೊಯ್ದು, ಒಂದೊಂದು ಬಿಲ್ಲೆಯನ್ನೂ ಕಾಗದದ ಮೇಲಿಟ್ಟು ಅಂಚಿನ ಸುತ್ತ ಸೀಸದಕಡ್ಡಿ ಎಳೆದರೆ ಸಮೋನ್ನತ ರೇಖೆಗಳು ತಾವಾಗಿ ಮೂಡುತ್ತವೆ. ಗೆರೆಗಳು ಒತ್ತೊತ್ತಾಗಿದ್ದ ಕಡೆ ಕಡಿದಾದ ಏರು, ಬಿಡಿಬಿಡಿಯಾಗಿದ್ದ ಕಡೆ ಇಳಿಜಾರು ಸೌಮ್ಯ. ಪಾಠ ಮುಗಿದ ಮೇಲೆ ಆ ಆಲೂಗಡ್ಡೆ ಯಾರ ಮನೆಗೆ ಹೋಗುತ್ತಿತ್ತು ಎಂಬ ಪ್ರಶ್ನೆಯನ್ನೂ ಕೆಲವರು ಕೇಳುತ್ತಾರೆ. ನಮ್ಮ ಮನೆಗೇ ಹೋಗುತ್ತಿತ್ತು ಎಂದು ಇಲ್ಲಿ ದಾಖಲಿಸುತ್ತೇನೆ.

ಈ ಪಾಠ ಈಗ ನೆನಪಾಗಲು ಕಾರಣವಿದೆ. 1986ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದ ನಾಲ್ವರು ಸೇರಿ, ನನ್ನನ್ನೂ ಕರೆದುಕೊಂಡು ಒಂದು ದಿನದ ಮಟ್ಟಿಗೆ ಬೆಟ್ಟ ಹತ್ತಬೇಕೆಂದು ನಿಶ್ಚಯಿಸಿದ್ದಾರೆ. ಇದಕ್ಕೆಲ್ಲ ಮೂಲ ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಒಬ್ಬಾಕೆ. ಬಿಡುವಿದ್ದಾಗಲೆಲ್ಲ ಆಕೆ ಅಲ್ಲಿನ ಬೆಟ್ಟಗಳನ್ನು ಹತ್ತುತ್ತಾಳೆ. ಮೂರು ಸಾವಿರ ಅಡಿ ಮೀರಿದ ಸ್ಕಾಟಿಷ್ ಶಿಖರಗಳ ಪಟ್ಟಿಯೊಂದನ್ನು ಹ್ಯೂ ಮನ್ರೋ ಎಂಬವರು 1891ರಲ್ಲಿ ಪ್ರಕಟಿಸಿದರು. ಇಂದಿಗೂ ಆ ಶಿಖರಗಳಿಗೆ ಅಲ್ಲಿಯವರು ಮನ್ರೋ ಎಂದೇ ಕರೆಯುತ್ತಾರೆ. ಈಗಿನ ಪಟ್ಟಿಯಲ್ಲಿ 282 ಇವೆ. ಒಂದೊಂದಾಗಿ ಎಲ್ಲವನ್ನೂ ಮುಗಿಸುವುದು ಅಲ್ಲಿ ಒಂದು ವ್ರತವಿದ್ದಂತೆ. ಈ ಜನವರಿಯಲ್ಲಿ ಮೈಸೂರಿಗೆ ಬರುವವಳು, "ಸಾರ್, ಊರಿಂದ ದೂರದ, ಜನ ಕಡಿಮೆ ಇರುವ ಬೆಟ್ಟವೊಂದನ್ನು ಹುಡುಕಿ. ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ ಸೇರಬೇಕು. ಯೋಜನೆ ಮಾತ್ರ ನಿಮ್ಮದೇ," ಎಂದು ಬರೆದಳು. ನಿವೃತ್ತನಾದವನಿಗೆ ಇಂಥ ಕೆಲಸ ಒಪ್ಪಿಸಿದರೆ ಬೇಡವೆನ್ನುವುದುಂಟೆ?

ಮೊದಲಿಗೆ ಎಲ್ಲರ ಬಾಯಲ್ಲಿಯೂ ಬಂದದ್ದು ಕುಮಾರಪರ್ವತ. ಅದರ ಎತ್ತರ 1712 ಮೀಟರ್. ಆದರೆ ಬೆಟ್ಟದ ಎತ್ತರವೇ ಬೇರೆ, ನಾವು ಹತ್ತಬೇಕಾದ ಎತ್ತರವೇ ಬೇರೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಕೆಳಗೆ, ಸಮುದ್ರ ಮಟ್ಟದಿಂದ ಹೆಚ್ಚು ಮೇಲೇನೂ ಅಲ್ಲ. ಅಲ್ಲಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರು. ಐವತ್ತು ದಾಟಿದವರು ಒಂದೇ ದಿನದಲ್ಲಿ ಹತ್ತಿ ಇಳಿಯುವ ಬೆಟ್ಟ ಅದಲ್ಲ. ಸೋಮವಾರಪೇಟೆಯ ಕಡೆಯಿಂದ ಹತ್ತಿದರೆ ಏರು ಕಡಿಮೆಯಾಗುತ್ತದೆ, ನಿಜ. ಆದರೆ 2024ರ ಜನವರಿ 26ರ ಆಸುಪಾಸಿನಲ್ಲಿ ಆ ಬೆಟ್ಟದ ಮೇಲೆ ಸೇರಿದ್ದ ಜನಜಂಗುಳಿಯ ಚಿತ್ರಗಳನ್ನು ನೋಡಿದ ಮೇಲೆ ನನಗೆ ಅತ್ತ ಮನಸ್ಸು ಹೋಗಲಿಲ್ಲ. ದಸರಾ ಮೆರವಣಿಗೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತ ಜನವನ್ನು ಎತ್ತಿ ಬೆಟ್ಟದ ಮೇಲಿಟ್ಟಂತಿತ್ತು. ಅದಾದ ಬಳಿಕ ಅರಣ್ಯ ಇಲಾಖೆ ಇಂಥ ಚಾರಣಗಳನ್ನು ಕೆಲಕಾಲ ತಡೆದು, ಆನ್‌ಲೈನಿನಲ್ಲಿ ಮುಂಗಡ ಕಾದಿರಿಸಿದವರಿಗೆ ಮಾತ್ರ, ದಿನಕ್ಕೆ ಇಂತಿಷ್ಟೇ ಜನಕ್ಕೆ ಎಂಬ ವ್ಯವಸ್ಥೆಯನ್ನು ತಂದಿತು. ಒಳ್ಳೆಯದೇ ಆಯಿತು. ಕಾಡಿಗೂ ಒಂದು ಹಾಜರಿ ಪುಸ್ತಕ ಬೇಕು.

ಹೀಗೆ ನಾನು ಆರಿಸಿದ್ದು ಕೊಡಗಿನ ತಡಿಯಂಡಮೋಳ್. 1748 ಮೀಟರ್ ಎತ್ತರದ ಈ ಶಿಖರ ಕೊಡಗು ಜಿಲ್ಲೆಯಲ್ಲೇ ಅತ್ಯುನ್ನತವಾದದ್ದು. ಕಕ್ಕಬ್ಬೆಯ ಬಳಿ ನಾಲ್ಕುನಾಡು ಅರಮನೆಯಿಂದ ಹತ್ತಲು ತೊಡಗಿದರೆ ಶಿಖರಕ್ಕೆ ಆರೇಳು ಕಿಲೋಮೀಟರ್. ಅರಮನೆಯೇ ಸಾಕಷ್ಟು ಎತ್ತರದಲ್ಲಿರುವುದರಿಂದ ನಮಗೆ ಉಳಿಯುವ ಏರು ಸುಮಾರು ಆರುನೂರು ಮೀಟರ್ ಮಾತ್ರ. ಬ್ರಿಟನ್ನಿನ ಅತ್ಯುನ್ನತ ಬೆಟ್ಟವಾದ ಬೆನ್ ನೆವಿಸ್ 1345 ಮೀಟರ್. ನಮ್ಮದಕ್ಕಿಂತ ನಾನೂರು ಮೀಟರ್ ಗಿಡ್ಡ. ಆದರೆ ಅದನ್ನು ಹತ್ತುವವರು ಹೊರಡುವುದು ಹೆಚ್ಚುಕಡಿಮೆ ಸಮುದ್ರದ ದಂಡೆಯಿಂದ, ಹಾಗಾಗಿ ಅವರ ಶ್ರಮ ನಮ್ಮ ಎರಡರಷ್ಟು. ಇದನ್ನು ಬರೆದು ತಿಳಿಸಿದಾಗ ಸ್ಕಾಟ್ಲೆಂಡಿನವಳು, "ಹಾಗಾದರೆ ನಮ್ಮ ಕೊಡಗು ಎತ್ತರದಲ್ಲಿ ಗೆದ್ದಿತು, ಬೆವರಿನಲ್ಲಿ ಸೋತಿತು," ಎಂದು ಉತ್ತರಿಸಿದಳು. ಪರೀಕ್ಷೆಯಲ್ಲೂ ಆಕೆಯ ಉತ್ತರಗಳು ಹೀಗೆಯೇ ಚಿಕ್ಕದಾಗಿರುತ್ತಿದ್ದವು.

ಮೈಸೂರಿನವರಿಗೆ ಅಳತೆಗೋಲಾಗಿ ಚಾಮುಂಡಿ ಬೆಟ್ಟವಿದೆ. ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಬೆಟ್ಟದ ನೆತ್ತಿ 1060ರ ಸುಮಾರಿನಲ್ಲಿದೆ. ಅಂದರೆ ಮುನ್ನೂರು ಮೀಟರಿಗೆ ಸ್ವಲ್ಪ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ಪಾದದಿಂದ ತುದಿಯ ತನಕ ಹತ್ತಿ ಇಳಿದು, ಪುನಃ ಇನ್ನೊಮ್ಮೆ ಹತ್ತಿ ಇಳಿದರೆ ತಡಿಯಂಡಮೋಳಿನ ಏರಿಗೆ ಸಮವಾಯಿತು ಎಂದು ತಿಳಿಯಬಹುದು. ಆದರೆ ಅಲ್ಲಿ ಮೆಟ್ಟಿಲುಗಳಿಲ್ಲ. ನಂದಿಯ ಬಳಿ ಸಿಗುವ ಕಬ್ಬಿನ ಹಾಲೂ ಇಲ್ಲ.

ಇನ್ನು ಕಾಲದ ಲೆಕ್ಕ. ಇದಕ್ಕೆ ಸೂತ್ರ ಕೊಟ್ಟವರೂ ಸ್ಕಾಟ್ಲೆಂಡಿನವರೇ ಎಂಬುದು ಈ ಸಂದರ್ಭಕ್ಕೆ ಚೆನ್ನಾಗಿ ಒದಗಿತು. ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳವಾದ ನಿಯಮವನ್ನು ಹೇಳಿದರು. ನಕ್ಷೆಯ ಮೇಲಿನ ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಹತ್ತುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ನಮ್ಮ ಮಾನದಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು, ಆರುನೂರು ಮೀಟರ್ ಏರಿಗೆ ಒಂದು. ಏಳು ಕಿಲೋಮೀಟರಿಗೆ 84 ನಿಮಿಷ, ಏರಿಗೆ 60 ನಿಮಿಷ, ಒಟ್ಟು 2 ಗಂಟೆ 24 ನಿಮಿಷ. ಆದರೆ ನೈಸ್ಮಿತ್ ಮಹಾಶಯರು ಲೆಕ್ಕ ಹಾಕಿದ್ದು ಗಟ್ಟಿಗರನ್ನು ಕಣ್ಣಮುಂದೆ ಇಟ್ಟುಕೊಂಡು. ಫೋಟೋ ತೆಗೆಯಲು ನಿಲ್ಲುವುದು, ಹಳೆಯ ಕತೆ ಹೇಳಲು ನಿಲ್ಲುವುದು, ಉಸಿರು ಸಾಲದೆ ನಿಂತು ಹಕ್ಕಿ ನೋಡುತ್ತಿರುವಂತೆ ನಟಿಸುವುದು, ಇವು ಯಾವುವೂ ಅದರಲ್ಲಿಲ್ಲ. ಆದುದರಿಂದ ಅರ್ಧದಷ್ಟು ಕೂಡಿಸಿ ಮೂರೂವರೆ ಗಂಟೆ ಮಾಡಿ, ಅದರ ಮೇಲೆ ವಿಶ್ರಾಂತಿಗೆ ಅರ್ಧ ಗಂಟೆ ಸೇರಿಸಿದೆ. ಎಂಟಕ್ಕೆ ಅರಮನೆ ಬಿಟ್ಟರೆ ಹನ್ನೆರಡಕ್ಕೆ ನೆತ್ತಿ. ಎಲ್ಲಿದ್ದರೂ ಹನ್ನೆರಡೂವರೆಗೆ ಹಿಂದಿರುಗುವುದು. ಮೂರೂವರೆಗೆ ಕೆಳಗೆ. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಸೂರ್ಯಾಸ್ತವನ್ನು ನೋಡಿಕೊಂಡೆ. ಜನವರಿಯ ನಡುವಿನಲ್ಲಿ ಆರೂಕಾಲರ ಸುಮಾರು. ಏನಾದರೂ ತಡವಾದರೆ ಬೆಳಕಿನಲ್ಲೇ ಇಳಿಯಲು ಎರಡೂವರೆ ಗಂಟೆಗೂ ಹೆಚ್ಚು ಸಮಯ ಕೈಯಲ್ಲಿ ಉಳಿಯುತ್ತದೆ. ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಡಿಸೆಂಬರಿನ ಹಗಲೇ ಏಳು ಗಂಟೆಗಿಂತ ಕಡಿಮೆಯಂತೆ. ಅಲ್ಲಿ ಈ ಲೆಕ್ಕದಲ್ಲಿ ತಪ್ಪಿದವರನ್ನು ಹುಡುಕಲು ರಕ್ಷಣಾ ತಂಡಗಳೇ ಹೊರಡಬೇಕಾಗುತ್ತದೆ.

ನಕ್ಷೆಯ ಬಗ್ಗೆ ಎರಡು ಮಾತು ಬರೆಯದಿದ್ದರೆ ನನ್ನನ್ನು ಬಲ್ಲವರು ಇದು ನನ್ನ ಬರಹವೆಂದು ನಂಬಲಾರರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಗೆದ್ದ ಸೀಮೆಯನ್ನು ತ್ರಿಕೋನಗಳಿಂದ ಅಳೆಯಬೇಕೆಂದು ಹಟ ಹಿಡಿದರು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದರು. 1802ರಲ್ಲಿ ಮದರಾಸಿನಲ್ಲಿ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದರು. ಮದರಾಸಿನಿಂದ ಮಂಗಳೂರಿನವರೆಗೆ ಬೆಟ್ಟದ ನೆತ್ತಿಯಿಂದ ಬೆಟ್ಟದ ನೆತ್ತಿಗೆ ದೃಷ್ಟಿ ಹಾಯಿಸುತ್ತ ಅಳೆದುಕೊಂಡು ಹೋದಾಗ, ಪರ್ಯಾಯದ್ವೀಪದ ಅಗಲ ಹಿಂದಿನ ನಕ್ಷೆಗಳಲ್ಲಿ ತೋರಿಸಿದ್ದಕ್ಕಿಂತ ಸುಮಾರು ನಲವತ್ತು ಮೈಲಿ ಕಡಿಮೆಯೆಂದು ತಿಳಿದುಬಂತು! ಅಷ್ಟು ನೆಲ ಕಾಗದದ ಮೇಲೆ ಮಾತ್ರ ಇತ್ತು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಸರ್ವೆ ಆಫ್ ಇಂಡಿಯಾದ ಅನೇಕ ಹಾಳೆಗಳು ಸಾಮಾನ್ಯರ ಕೈಗೆ ಎಟಕುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಬಳಿಕ ಸಾರ್ವಜನಿಕರಿಗೆಂದೇ ಬೇರೆ ಸರಣಿಯ ನಕ್ಷೆಗಳು ಬಂದವು. ಈಗ ದೂರವಾಣಿಯಲ್ಲೇ ಎಲ್ಲವೂ ಇವೆ. ಆದರೂ 1:50,000ದ ಹಾಳೆಯ ಮೇಲೆ ಇಪ್ಪತ್ತು ಮೀಟರಿಗೊಂದರಂತೆ ಬರುವ ಗೆರೆಗಳನ್ನು ಬೆರಳಿಟ್ಟು ಎಣಿಸುವ ಸುಖ ಗಾಜಿನ ಪರದೆಯಲ್ಲಿ ದೊರೆಯದು. ಎಣಿಸಿದಾಗ ಕಂಡದ್ದು ಇದು: ದಾರಿಯ ಮೊದಲ ಭಾಗ ತೋಟಗಳ ನಡುವೆ ಸೌಮ್ಯವಾಗಿ ಏರುತ್ತದೆ, ಮಧ್ಯದಲ್ಲಿ ಹುಲ್ಲುಗಾವಲಿನ ಬೆನ್ನು, ಕೊನೆಯ ಭಾಗದಲ್ಲಿ ಗೆರೆಗಳು ಒಂದರ ಮೈಮೇಲೊಂದು ಬಿದ್ದಿವೆ. ಅಲ್ಲಿ ಆಲೂಗಡ್ಡೆ ಬಹಳ ಕಡಿದು.

ಆ ಕಡಿದಾದ ಕೊನೆಯ ಭಾಗ ಬರುವುದಕ್ಕೆ ಮೊದಲು ದಾರಿಯಲ್ಲಿ ಒಂದು ದೊಡ್ಡ ಬಂಡೆಯಿದೆ. ಹೋದವರೆಲ್ಲ ಗುರುತು ಹೇಳುವುದು ಅದನ್ನೇ. ನನ್ನ ಯೋಜನೆಯೆಲ್ಲ ಈ ಬಂಡೆಯ ಸುತ್ತ ತಿರುಗಲು ಕಾರಣವಾದ ಸಂಗತಿಯನ್ನು ಈಗ ಹೇಳಬೇಕು.

ತಂಡದಲ್ಲಿ ಒಬ್ಬನಿಗೆ ಮೂರು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಶಾಲೆಯಲ್ಲಿ ಓಟದಲ್ಲಿ ಮೊದಲಿಗನಾಗಿದ್ದವನು. ಬೆಟ್ಟದ ಸುದ್ದಿ ಎದ್ದ ದಿನದಿಂದ ಎಲ್ಲರಿಗಿಂತ ಹೆಚ್ಚು ಉತ್ಸಾಹ ಅವನದೇ. ಒಂದು ಸಂಜೆ ಅವನ ಹೆಂಡತಿ ದೂರವಾಣಿ ಮಾಡಿದರು. "ಮೇಷ್ಟ್ರೇ, ನಾನು ಬೇಡ ಅಂದರೆ ಜಗಳ ಆಗುತ್ತದೆ. ಮಕ್ಕಳು ಹೇಳಿದರೆ ಕೇಳುವುದಿಲ್ಲ. ನೀವು ಒಂದು ಮಾತು ಬೇಡ ಅಂದುಬಿಡಿ, ಸುಮ್ಮನಾಗುತ್ತಾರೆ," ಎಂದರು. ಆ ಧ್ವನಿಯಲ್ಲಿದ್ದದ್ದು ದೂರಲ್ಲ, ಭಯ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಒಂದು ರಾತ್ರಿ ಕುಳಿತವರು ಅವರು.

ಬೇಡವೆನ್ನುವುದು ನನಗೆ ಸುಲಭವಿತ್ತು. ಐವತ್ತೈದು ವರ್ಷದ ಗಂಡಸು ಇಂದಿಗೂ ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಆದರೆ ಹಾಗೆ ಹೇಳಿ ಮುಗಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅವನು ಬೆಟ್ಟಕ್ಕೆ ಯೋಗ್ಯನೋ ಅಲ್ಲವೋ ಎಂಬುದು ಅವನ ಹೃದಯಕ್ಕೂ ವೈದ್ಯರಿಗೂ ಸಂಬಂಧಿಸಿದ ಪ್ರಶ್ನೆ. ಭೂಗೋಳದ ಮೇಷ್ಟರ ಗೌರವಕ್ಕೆ ಸಂಬಂಧಿಸಿದ್ದಲ್ಲ. "ತಾಯಿ, ಬೇಡ ಅನ್ನುವ ಮೊದಲು ಅಳೆದು ನೋಡೋಣ. ಅಳತೆಯಲ್ಲಿ ಬೇಡ ಎಂದು ಬಂದರೆ ನಾನೇ ಹೇಳುತ್ತೇನೆ," ಎಂದೆ. ಅವರಿಗೆ ಅದರಿಂದ ಸಮಾಧಾನವಾಗಲಿಲ್ಲ ಎಂಬುದು ನನಗೆ ತಿಳಿಯಿತು.

ಅವನನ್ನು ಕರೆಸಿ ಎರಡು ಷರತ್ತು ಹಾಕಿದೆ. ಮೊದಲನೆಯದು, ಹೃದ್ರೋಗ ತಜ್ಞರನ್ನು ಕಂಡು, "ವಾಕಿಂಗ್ ಹೋಗಬಹುದೇ" ಎಂದು ಜಾಣತನದಿಂದ ಕೇಳದೆ, ಆರುನೂರು ಮೀಟರ್ ಏರು, ಏಳು ಗಂಟೆಯ ನಡಿಗೆ, ಹತ್ತಿರದಲ್ಲಿ ಆಸ್ಪತ್ರೆಯಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಕೇಳಬೇಕು. ಎರಡನೆಯದು, ವೈದ್ಯರು ಒಪ್ಪಿದ ಮೇಲೆ ಮೂರು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕು. ಹತ್ತುವಾಗ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿರಬೇಕು. ಮಾತು ತುಂಡಾದ ಕಡೆ ನಿಲ್ಲಬೇಕು. ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ನೋಡಿ, ನಿಧಾನವಾಗಿ ಹತ್ತಬಹುದು ಎಂದರು. ಎದೆ ಬಿಗಿದಂತಾದರೆ, ಎಡಗೈಯೋ ದವಡೆಯೋ ನೋಯತೊಡಗಿದರೆ ಅಲ್ಲೇ ಕುಳಿತುಬಿಡಬೇಕು. ನಾಲಿಗೆಯ ಕೆಳಗಿಡುವ ಮಾತ್ರೆ ಚೀಲದಲ್ಲಲ್ಲ, ಅಂಗಿಯ ಜೇಬಿನಲ್ಲಿರಬೇಕು. ಯಾರ ಜೊತೆಗೂ ಪಂದ್ಯ ಕಟ್ಟಬಾರದು. ಈ ಕೊನೆಯ ಮಾತನ್ನು ವೈದ್ಯರು ಎರಡು ಸಲ ಹೇಳಿದರಂತೆ. ಅವನ ಸ್ವಭಾವವನ್ನು ಒಂದೇ ಭೇಟಿಯಲ್ಲಿ ಅರಿತವರು!

ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಪಾದದ ಬಳಿ ಹೋದರೆ ಅವನ ಜೊತೆ ಹೆಂಡತಿಯೂ ನಿಂತಿದ್ದರು. "ಇವರು ಮಾತಾಡಿಕೊಂಡೇ ಹತ್ತಬೇಕು ಎಂದಿರಂತೆ. ಮಾತಾಡಲು ಯಾರಾದರೂ ಬೇಡವೆ?" ಎಂದರು. ಆ ದಿನ ಅವನು ನಂದಿಯವರೆಗೆ ಮೂರು ಸಲ ಕುಳಿತ. ಹೆಂಡತಿ ಒಮ್ಮೆಯೂ ಕೂರಲಿಲ್ಲ. ಪ್ರತಿದಿನ ಮೂರನೆಯ ಮಹಡಿಗೆ ನೀರು ಹೊತ್ತ ಕಾಲವೊಂದಿತ್ತು, ಅದರ ಮುಂದೆ ಇದೇನು ಎಂದರು. ಎರಡನೆಯ ವಾರ ಅವನು ಒಮ್ಮೆ ಕುಳಿತು ತುದಿ ಮುಟ್ಟಿದ. ಮೂರನೆಯ ವಾರ ಕೂರಲಿಲ್ಲ. ಆದರೆ ಕೊನೆಯ ನೂರು ಮೆಟ್ಟಿಲುಗಳಲ್ಲಿ ಅವನ ವಾಕ್ಯಗಳು ಮೂರು ಮೂರು ಪದಗಳಿಗೆ ಇಳಿದದ್ದನ್ನು ನಾವಿಬ್ಬರೂ ಗಮನಿಸಿದೆವು. ಬೆಟ್ಟದ ಮೇಲೆ ಕಾಫಿ ಕುಡಿಯುವಾಗ ಆಕೆಯೇ, "ಬಂಡೆಯ ತನಕ ಹೋಗಬಹುದು ಮೇಷ್ಟ್ರೇ. ಆಮೇಲಿನದು ಬೇಡ," ಎಂದರು. ಅವನು ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ನಾನು ಒಂದು ಮಾತೂ ಆಡಿರಲಿಲ್ಲ. ತಡಿಯಂಡಮೋಳಿಗೆ ಆಕೆಯೂ ಬರುವುದೆಂದು ಅಲ್ಲಿಯೇ ತೀರ್ಮಾನವಾಯಿತು. ಬಂಡೆಯ ಬಳಿ ನಿಲ್ಲುವುದೋ ಮುಂದುವರಿಯುವುದೋ ಎಂಬುದನ್ನು ಆಕೆ ಹೇಳಬೇಕು. ನಾನೂ ಸೇರಿದಂತೆ ಉಳಿದವರು ಅದಕ್ಕೆ ಎದುರಾಡಬಾರದು.

ಎಪ್ಪತ್ತೊಂದರ ನಾನೂ ಬಂಡೆಯ ಪಕ್ಷದವನೇ. ಏರುವಾಗ ಸುಮ್ಮನಿರುವ ನನ್ನ ಮಂಡಿಗಳು ಇಳಿಯುವಾಗ ಮಾತನಾಡುತ್ತವೆ. ಸ್ಕಾಟ್ಲೆಂಡಿನವಳೂ ಇನ್ನಿಬ್ಬರೂ ನೆತ್ತಿಗೆ ಹೋಗಿ ಬರುವವರೆಗೆ ನಾವು ಮೂವರು ಹುಲ್ಲಿನ ಮೇಲೆ ಕುಳಿತಿರುತ್ತೇವೆ. ಅಲ್ಲಿಂದ ಕಾಣುವುದೇನು ಕಡಿಮೆಯೆ? ಹುಲ್ಲುಗಾವಲಿನ ಬೋಳು ಬೆನ್ನುಗಳು, ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ನಿಂತ ಶೋಲಾ ಕಾಡು. ಗಾಳಿಗೂ ಬೆಂಕಿಗೂ ಮರೆಯಾದ, ತೇವ ನಿಲ್ಲುವ ಕಡೆ ಮರ. ಉಳಿದ ಕಡೆ ಹುಲ್ಲು. ಬೋಳುಗುಡ್ಡವೆಂದು ಹುಲ್ಲಿನ ಕಡೆ ಮರ ನೆಡಹೊರಟವರು ಪಶ್ಚಿಮಘಟ್ಟಗಳಲ್ಲಿ ಮಾಡಿದ ಹಾನಿ ಸಣ್ಣದಲ್ಲ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗಳಿಗೆ ಬಿಡುವುದರಲ್ಲಿ ಆ ಹುಲ್ಲಿನ ಪಾಲೂ ಇದೆ. ಕೊಡಗಿನಲ್ಲಿ ಹೀಗೆ ಇಳಿಯುವ ನೀರು ಬಹುಪಾಲು ಕಾವೇರಿಗೆ ಸೇರುವುದರಿಂದ, ನಮ್ಮ ಮೈಸೂರಿನ ನಲ್ಲಿಗೂ ಅದಕ್ಕೂ ನಂಟಿದೆ.

ಬೆಟ್ಟದ ಬುಡದಲ್ಲಿರುವ ಅರಮನೆಯನ್ನು ಹಿಂದಿರುಗುವಾಗ ನೋಡುವುದೆಂದು ಇಟ್ಟುಕೊಂಡಿದ್ದೇನೆ. ಟಿಪ್ಪುವಿನ ಸೆರೆಯಲ್ಲಿದ್ದು, ಪಿರಿಯಾಪಟ್ಟಣದಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರ 1790ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು ಅದು. 1834ರಲ್ಲಿ ಇಂಗ್ಲಿಷರ ಸೈನ್ಯ ಕೊಡಗನ್ನು ಹೊಕ್ಕಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ. ಮಾಸ್ತಿಯವರ ಕಾದಂಬರಿಯನ್ನು ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಡಗಿ ಕೂರಲು ಇಂಥ ಎಡೆಯನ್ನು ಆರಿಸಿದರೆಂದರೆ ಅದು ಎಷ್ಟು ದುರ್ಗಮವಾಗಿತ್ತೆಂದು ಊಹಿಸಬಹುದು. ಇಂದು ಅದರ ಬಾಗಿಲಿಗೇ ರಸ್ತೆಯಿದೆ.

ಆ ರಸ್ತೆಯೇ ನನ್ನ ಎರಡನೆಯ ಚಿಂತೆ. ಹುಣಸೂರು, ಗೋಣಿಕೊಪ್ಪಲು, ವಿರಾಜಪೇಟೆ, ಕಕ್ಕಬ್ಬೆ. ನೂರನಲವತ್ತು ಕಿಲೋಮೀಟರಿನ ಆಸುಪಾಸು, ಮೂರೂವರೆ ಗಂಟೆ. ಬೆಳಗಿನ ನಾಲ್ಕಕ್ಕೆ ಹೊರಡಬೇಕು. ಆನೆಚೌಕೂರಿನಿಂದ ತಿತಿಮತಿಯವರೆಗಿನ ಕಾಡುದಾರಿಯಲ್ಲಿ ನಿಧಾನವಾಗಿ ಹೋಗಬೇಕು. ಮತ್ತಿಗೋಡು ಆನೆಶಿಬಿರ ಅಲ್ಲಿಯೇ ಇರುವುದು; 2020ರಿಂದ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯುವಿನ ಬೀಡು. ಆದರೆ ಅಂಬಾರಿ ಹೊರದ ಆನೆಗಳೂ ಅಲ್ಲಿ ರಸ್ತೆ ದಾಟುತ್ತವೆ ಎಂಬುದನ್ನು ಮರೆಯಬಾರದು. ತಾವೇ ಕಾರು ಓಡಿಸುವೆವೆಂದು ಹುಡುಗರು ಹಟ ಮಾಡಿದರು. ಅವರು ನನಗೆ ಈಗಲೂ ಹುಡುಗರೇ. ನಾನು ಒಪ್ಪಲಿಲ್ಲ. ಮೂರಕ್ಕೆ ಎದ್ದು, ಏಳು ಗಂಟೆ ನಡೆದು, ಸಂಜೆಗತ್ತಲಲ್ಲಿ ಸ್ಟೀರಿಂಗ್ ಹಿಡಿದವನಿಗೆ ನಿದ್ರೆ ಬಾರದಿರುವುದು ಹೇಗೆ? ಚಾರಣದ ಅಪಾಯಗಳಲ್ಲಿ ಬಹಳಷ್ಟು ಜನ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇದನ್ನೇ. ಬಾಡಿಗೆಗೆ ಗಾಡಿ ಗೊತ್ತುಮಾಡಿದ್ದೇನೆ. ನಾವು ಬೆಟ್ಟದಲ್ಲಿರುವಷ್ಟು ಹೊತ್ತೂ ಗಾಡಿಯಲ್ಲಿ ಮಲಗಿರಬೇಕೆಂಬುದೇ ಚಾಲಕನಿಗೆ ಕೊಟ್ಟ ಕೆಲಸ. ಇಷ್ಟು ಸುಖದ ಬಾಡಿಗೆ ತನಗೆ ಹಿಂದೆಂದೂ ಬಂದಿರಲಿಲ್ಲ ಎಂದ.

ಬುತ್ತಿಯ ವಿಷಯದಲ್ಲಿ ವಾದವಾಯಿತು. ಪುಳಿಯೋಗರೆ ಬಾಯಾರಿಸುತ್ತದೆ ಎಂದು ನಾನು, ಪುಳಿಯೋಗರೆ ಇಲ್ಲದ ಪ್ರವಾಸ ಪ್ರವಾಸವೇ ಅಲ್ಲವೆಂದು ಉಳಿದವರು. ಕೊನೆಗೆ ಚಪಾತಿ, ಚಟ್ನಿಪುಡಿ, ಮೊಸರನ್ನ, ಸ್ವಲ್ಪ ಪುಳಿಯೋಗರೆ, ಕಡಲೆಮಿಠಾಯಿ, ರಸಬಾಳೆ ಎಂದಾಯಿತು. ಬಾಳೆಹಣ್ಣಿನ ಸಿಪ್ಪೆಯೂ ಚೀಲದಲ್ಲೇ ಹಿಂದಿರುಗಬೇಕು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ ನೆತ್ತಿಯಲ್ಲಿ ಮೈಸೂರಿಗಿಂತ ಆರು ಡಿಗ್ರಿ ಚಳಿ ಹೆಚ್ಚು, ಗಾಳಿ ಬೇರೆ, ಒಂದೊಂದು ಸ್ವೆಟರ್. ಜನವರಿಯಾದ್ದರಿಂದ ಜಿಗಣೆಯ ಕಾಟವಿಲ್ಲ. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಮೊದಲಾಗುತ್ತದೆ.

ಸ್ಕಾಟ್ಲೆಂಡಿನವಳು ತಿಳಿಸಿದ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ ಬೆಟ್ಟಕ್ಕೆ ಹೋಗುವವರು ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಲ್ಲಿ, ಎಷ್ಟು ಹೊತ್ತಾದರೂ ಬಾರದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿರುವವರ ಕೈಗೆ ಕೊಟ್ಟು ಹೋಗುತ್ತಾರಂತೆ. ಬೆಟ್ಟದ ಮೇಲೆ ದೂರವಾಣಿಯ ಸಿಗ್ನಲ್ಲನ್ನು ನಂಬಿ ಕೂರುವಂತಿಲ್ಲವಾದ್ದರಿಂದ ನಮಗೂ ಇದು ಅವಶ್ಯ. ಹಾಗೆಯೇ ಬರೆದೆ. ಎಂಟು ಗಂಟೆ, ಅರಮನೆ. ಹತ್ತೂವರೆ, ಬಂಡೆ. ಹನ್ನೆರಡು, ನೆತ್ತಿ. ಹನ್ನೆರಡೂವರೆ, ಎಲ್ಲಿದ್ದರೂ ವಾಪಸ್. ಮೂರೂವರೆ, ಅರಮನೆ, ಅಲ್ಲಿಂದ ಮುಂದೆ ಸಿಗ್ನಲ್ ಸಿಕ್ಕ ಕೂಡಲೆ ಕರೆ. ಆರು ಗಂಟೆಯಾದರೂ ಕರೆ ಬಾರದಿದ್ದರೆ ಮೊದಲು ಚಾಲಕನಿಗೆ, ಆಮೇಲೆ ಅರಣ್ಯ ಇಲಾಖೆಯ ಕಚೇರಿಗೆ, 112ಕ್ಕೆ.

ನನ್ನ ಶ್ರೀಮತಿ ಚೀಟಿಯನ್ನು ಎರಡು ಬಾರಿ ಓದಿದರು. "ಆರರ ತನಕ ನಾನು ಸುಮ್ಮನೆ ಕೂರಬೇಕೋ?" ಎಂದು ಕೇಳಿದರು. ಐದಕ್ಕೆ ಬದಲಾಯಿಸಿದೆ. ಆಮೇಲೆ ಅದನ್ನು ಮಡಿಚಿ, ಪಂಚಾಂಗದಲ್ಲಿ ಬರುವ ಶನಿವಾರದ ಪುಟದ ನಡುವೆ ಇಟ್ಟರು.